ಬಾತಿನ ಕಾಲಿನ ಕೆಸರು ಮತ್ತು ಚಾರ್ಲ್ಸ್ ಡಾರ್ವಿನ್

ಸೂಳೆಕೆರೆಯನ್ನು ಕಟ್ಟಿಸಿದವರು ಯಾರೆಂದು ನಮ್ಮ ಕಡೆಯ ಯಾವ ಹುಡುಗನನ್ನು ಕೇಳಿದರೂ ಶಾಂತವ್ವನ ಹೆಸರನ್ನು ಹೇಳುತ್ತಾನೆ. ರಾಜಕುಮಾರಿಯಾಗಿದ್ದ ಆಕೆ ಕೆರೆ ಕಟ್ಟಿಸಲು ಹೊರಟಾಗ ಆ ನೆಲವು ಸೂಳೆಯರದಾಗಿತ್ತೆಂದೂ, ಕೆರೆಗೆ ತಮ್ಮ ಹೆಸರಿಡಬೇಕೆಂಬ ಷರತ್ತಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರೆಂದೂ ಹಿರಿಯರು ಕಥೆ ಹೇಳುವುದುಂಟು. ಕಥೆ ಹೇಗಾದರೂ ಇರಲಿ, ಎರಡು ಗುಡ್ಡಗಳ ನಡುವೆ ಏರಿ ಹಾಕಿ, ಹಳ್ಳದ ನೀರನ್ನು ತಡೆದು, ಸುಮಾರು ೬,೫೦೦ ಎಕರೆ ನೆಲದ ಮೇಲೆ ನೀರು ನಿಲ್ಲಿಸಿದವರು ಮನುಷ್ಯರು. ಸಿದ್ಧನಾಲೆ, ಬಸವನಾಲೆಗಳನ್ನು ತೋಡಿದವರೂ ಮನುಷ್ಯರೇ. ಆದರೆ ಆ ನೀರಿನ ಅಂಚಿನಲ್ಲಿ ಜೊಂಡನ್ನು ನೆಟ್ಟವರು ಯಾರು? ನೀರಿನೊಳಗೆ ಹಬ್ಬಿ ಬೆಸ್ತರ ಬಲೆಗೆ ತೊಡರಿಕೊಳ್ಳುವ ಗಿಡಗಳನ್ನು ಬಿತ್ತಿದವರು ಯಾರು? ಹಳ್ಳದ ನೀರಿನೊಡನೆ ಕೆಲವು ಬೀಜಗಳು ಹರಿದು ಬಂದಿರಬಹುದು. ಆದರೆ ನೂರಾರು ಮೈಲಿ ಆಚೆ, ನಮ್ಮ ಹಳ್ಳಕ್ಕೂ ಹೊಳೆಗೂ ಯಾವ ಸಂಬಂಧವೂ ಇಲ್ಲದ ಕೆರೆಗಳಲ್ಲಿಯೂ ಅದೇ ಗಿಡಗಳು ಬೆಳೆದು ನಿಂತಿರುವುದು ಹೇಗೆ?

ಗುಡಿಯ ಗೋಪುರದ ಬಿರುಕಿನಲ್ಲಿ ಅರಳಿ ಮೊಳೆತರೆ ಅದು ಹಕ್ಕಿ ತಂದ ಬೀಜವೆಂದು ಓದುಬರಹ ಅರಿಯದ ನನ್ನ ಅಜ್ಜಿಯೂ ಬಲ್ಲಳು. ಮಾವಿನ ಕೊಂಬೆಯ ಮೇಲೆ ಬಂದಳಿಕೆ ಹುಟ್ಟುವುದೂ ಹಾಗೆಯೇ ಎಂದು ರೈತರೆಲ್ಲರಿಗೂ ಗೊತ್ತು. ಆದರೆ ಒಂದು ಮರದಿಂದ ಇನ್ನೊಂದು ಮರಕ್ಕೆ ಬೀಜ ಸಾಗುವುದು ಬೇರೆ. ದೇಶದಿಂದ ದೇಶಕ್ಕೆ, ಸಮುದ್ರಗಳನ್ನೂ ದಾಟಿ ಸಾಗುವುದು ಬೇರೆ. ಅದು ಸಾಧ್ಯವೆಂದು ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ಅದನ್ನು ಮೊದಲು ಕೈಯಾರೆ ಮಾಡಿ ನೋಡಿದವರಲ್ಲಿ ಮುಖ್ಯನಾದವನು ಚಾರ್ಲ್ಸ್ ಡಾರ್ವಿನ್. ಮಂಗನಿಂದ ಮಾನವ ಎಂಬ ಒಂದೇ ಮಾತಿನಿಂದ ನಾವು ಆತನನ್ನು ಅರಿತಿದ್ದೇವೆ. ಅದೂ ಆತನು ಹೇಳಿದ್ದನ್ನು ಸರಿಯಾಗಿ ತಿಳಿಸುವ ಮಾತಲ್ಲ. ಕೆಸರನ್ನು ಬಟ್ಟಲಿನಲ್ಲಿಟ್ಟುಕೊಂಡು ಆರು ತಿಂಗಳು ಕಾದ ಡಾರ್ವಿನ್ನನನ್ನು ನನ್ನ ಸಹಪಾಠಿಗಳಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಡಾರ್ವಿನ್ನನು ೧೮೦೯ನೆಯ ಇಸವಿ ಫೆಬ್ರವರಿ ೧೨ರಂದು ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಜನಿಸಿದನು. ತಂದೆ ರಾಬರ್ಟ್ ಡಾರ್ವಿನ್ ಹೆಸರಾಂತ ವೈದ್ಯರು, ಸ್ಥಿತಿವಂತರು. ಬಾಲಕನು ಎಂಟು ವರ್ಷದವನಾಗಿದ್ದಾಗ ತಾಯಿ ತೀರಿಕೊಂಡಳು. ಶಾಲೆಯಲ್ಲಿ ಆತನು ಬುದ್ಧಿವಂತನೆನಿಸಿಕೊಳ್ಳಲಿಲ್ಲ. ಜೀರುಂಡೆಗಳನ್ನು ಹಿಡಿಯುವುದು, ಕಲ್ಲುಗಳನ್ನು ಕೂಡಿಡುವುದು, ಹಕ್ಕಿಗಳನ್ನು ನೋಡುವುದು, ಇವೇ ಆತನಿಗೆ ಪ್ರಿಯ. ತಂದೆಯಂತೆ ವೈದ್ಯನಾಗಲೆಂದು ೧೮೨೫ರಲ್ಲಿ ಎಡಿನ್‌ಬರೋ ನಗರಕ್ಕೆ ಕಳುಹಿಸಿದರು. ಆಗ ಅರಿವಳಿಕೆಯ ಔಷಧಿ ಇರಲಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ರೋಗಿಯ ಗೋಳನ್ನು ಸಹಿಸಲಾರದೆ ಹುಡುಗ ಓಡಿಬಂದನು; ವೈದ್ಯವಿದ್ಯೆ ಅಲ್ಲಿಗೆ ಮುಗಿಯಿತು. ಪಾದ್ರಿಯಾದರೂ ಆಗಲೆಂದು ಕೇಂಬ್ರಿಜ್ಜಿಗೆ ಕಳುಹಿಸಿದರು. ಅಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಹೆನ್ಸ್‌ಲೋ ಎಂಬ ಮಹನೀಯನ ಸ್ನೇಹ ದೊರೆತದ್ದೇ ಆತನ ಬಾಳಿನ ತಿರುವು. ೧೮೩೧ರಲ್ಲಿ ಪದವಿ ಪಡೆದ ಡಾರ್ವಿನ್ನನು ಹೆನ್ಸ್‌ಲೋನ ಶಿಫಾರಸಿನಿಂದ ಬೀಗಲ್ ಎಂಬ ಹಡಗಿನಲ್ಲಿ ಭೂಪ್ರದಕ್ಷಿಣೆಗೆ ಹೊರಡುವ ಅವಕಾಶ ಪಡೆದನು. ತಂದೆಯವರು ಮೊದಲು ಒಪ್ಪಲಿಲ್ಲ. ಸೋದರಮಾವನು ಬಂದು ಒಪ್ಪಿಸಬೇಕಾಯಿತು. ಅದೇ ವರ್ಷ ಡಿಸೆಂಬರ್ ೨೭ರಂದು ಹಡಗು ಹೊರಟಿತು. ಆಗ ಆತನಿಗೆ ಇಪ್ಪತ್ತೆರಡು ವರ್ಷ. ನಮ್ಮ ತರಗತಿಯವರಿಗಿಂತ ಒಂದೆರಡು ವರ್ಷ ಹಿರಿಯ, ಅಷ್ಟೆ.

ಐದು ವರ್ಷಗಳ ಆ ಪ್ರಯಾಣದ ವಿಷಯವನ್ನು ಎಲ್ಲರೂ ಬರೆದಿದ್ದಾರೆ. ನಮ್ಮ ವಿಷಯಕ್ಕೆ ಬೇಕಾದದ್ದು ಅದರ ಕೊನೆಯ ಭಾಗದ ಒಂದು ಸಣ್ಣ ಘಟನೆ. ೧೮೩೬ರ ಏಪ್ರಿಲ್‌ನಲ್ಲಿ ಹಡಗು ನಮ್ಮ ಹಿಂದೂ ಮಹಾಸಾಗರದ ಕೀಲಿಂಗ್ ಎಂಬ ಹವಳದ ದ್ವೀಪಗಳನ್ನು ಮುಟ್ಟಿತು. ನೂರಾರು ಮೈಲಿ ಸುತ್ತ ನೀರೇ ನೀರು. ಆ ದ್ವೀಪಗಳ ಗಿಡಗಳನ್ನು ಡಾರ್ವಿನ್ನನು ಒಂದೊಂದಾಗಿ ಕೂಡಿಸಿದನು. ಜಾತಿಗಳು ಕೆಲವೇ ಇದ್ದುವು. ಅವೆಲ್ಲವೂ ಸುಮಾತ್ರಾ, ಜಾವಾಗಳ ಕಡೆಯಿಂದ ಅಲೆಗಳ ಮೇಲೆ ತೇಲಿ ಬಂದುವಾಗಿರಬೇಕೆಂದು ಆತನಿಗೆ ತೋರಿತು. ಬೀಜವೂ ಒಬ್ಬ ಪ್ರಯಾಣಿಕನೇ ಎಂಬ ಯೋಚನೆ ಅಲ್ಲಿಂದ ಆತನೊಡನೆ ಮನೆಗೆ ಬಂದಿತು.

ಅಕ್ಟೋಬರ್ ೧೮೩೬ರಲ್ಲಿ ಮರಳಿ ಬಂದ ಡಾರ್ವಿನ್ನನು ೧೮೩೯ರಲ್ಲಿ ಸೋದರಮಾವನ ಮಗಳು ಎಮ್ಮಾಳನ್ನು ಮದುವೆಯಾದನು. ೧೮೪೨ರಲ್ಲಿ ಲಂಡನ್ನಿಗೆ ಹದಿನಾರು ಮೈಲಿ ದೂರದ ಡೌನ್ ಎಂಬ ಹಳ್ಳಿಯಲ್ಲಿ ಮನೆ ಮಾಡಿದನು. ನಾಲ್ವತ್ತು ವರ್ಷ ಅಲ್ಲಿಯೇ ಬಾಳಿದನು. ದೇಹಕ್ಕೆ ಸದಾ ಕಾಯಿಲೆ. ದಿನಕ್ಕೆ ಕೆಲವು ಗಂಟೆಗಳಿಗಿಂತ ಹೆಚ್ಚು ದುಡಿಯುವ ಶಕ್ತಿಯಿರಲಿಲ್ಲ. ಹತ್ತು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು. ಹತ್ತು ವರ್ಷದ ಮಗಳು ಆನಿ ೧೮೫೧ರಲ್ಲಿ ಸತ್ತಾಗ ಆತನಿಗಾದ ದುಃಖ ಕೊನೆಯವರೆಗೂ ಆರಲಿಲ್ಲ.

ಈ ಹಳ್ಳಿಯ ಮನೆಯಲ್ಲಿ ಕುಳಿತು ಆತನು ಯೋಚಿಸುತ್ತಿದ್ದ ಸಿದ್ಧಾಂತ ಇದು: ಒಂದೊಂದು ಜೀವಜಾತಿಯೂ ಹಿಂದಿನ ಜಾತಿಯೊಂದರಿಂದ ಮೆಲ್ಲಮೆಲ್ಲನೆ ಬದಲಾಗಿ, ಒಂದು ಕಾಲದಲ್ಲಿ, ಒಂದು ಸ್ಥಳದಲ್ಲಿ ಹುಟ್ಟಿತು, ಅಲ್ಲಿಂದ ಬೇರೆಡೆಗೆ ಹರಡಿತು. ಹಾಗಾದರೆ ಒಂದೇ ಗಿಡ ಎರಡು ಖಂಡಗಳಲ್ಲಿ ಇದ್ದರೆ ಅದು ನಡುವಿನ ದಾರಿಯನ್ನು ಹೇಗಾದರೂ ದಾಟಿರಲೇಬೇಕು. ಆಯಾ ಜಾಗದಲ್ಲಿಯೇ ಬೇರೆ ಬೇರೆಯಾಗಿ ಸೃಷ್ಟಿಯಾಯಿತೆಂದು ನಂಬುವವರಿಗೆ ಈ ತೊಡಕಿರಲಿಲ್ಲ, ಡಾರ್ವಿನ್ನನಿಗೆ ಇತ್ತು. ಅದರಲ್ಲಿಯೂ ದೊಡ್ಡ ತೊಡಕು ಕೆರೆಕುಂಟೆಗಳ ಗಿಡಗಳದು. ಕೆರೆಯೆಂಬುದು ನೆಲದ ನಡುವಿನ ದ್ವೀಪವಿದ್ದಂತೆ. ನೆಲವನ್ನು ದಾಟಲಾರದ ನೀರುಗಿಡವು ತನ್ನ ಕೆರೆಯಲ್ಲಿಯೇ ಸೆರೆಯಾಗಿರಬೇಕು. ಒಂದೊಂದು ಸೀಮೆಯ ಕೆರೆಯಲ್ಲಿ ಒಂದೊಂದು ಜಾತಿ ಇರಬೇಕು. ಆದರೆ ಲೋಕದಲ್ಲಿರುವುದು ಇದಕ್ಕೆ ವಿರುದ್ಧ. ನೆಲದ ಗಿಡಗಳಿಗಿಂತ ನೀರಿನ ಗಿಡಗಳೇ ಹೆಚ್ಚು ದೂರ ಹರಡಿವೆ. ಈ ಗಂಟು ಬಿಚ್ಚದಿದ್ದರೆ ಇಪ್ಪತ್ತು ವರ್ಷ ಕಟ್ಟಿದ ಸಿದ್ಧಾಂತದ ಬುಡವೇ ಅಲ್ಲಾಡುತ್ತಿತ್ತು.

ಎಡ್ವರ್ಡ್ ಫೋರ್ಬ್ಸ್ ಮೊದಲಾದ ವಿದ್ವಾಂಸರು ಬೇರೊಂದು ದಾರಿ ಹಿಡಿದಿದ್ದರು. ಗಿಡಗಳು ದಾಟಿದ್ದು ಹೇಗೆಂದು ತಿಳಿಯದ ಕಡೆ, ಹಿಂದೆ ಅಲ್ಲಿ ನೆಲವಿತ್ತು, ಆಮೇಲೆ ಮುಳುಗಿತು ಎಂದು ಹೇಳಿಬಿಡುವುದು ಆ ದಾರಿ. ಕಷ್ಟ ಬಂದಲ್ಲೆಲ್ಲ ಒಂದು ಖಂಡವನ್ನು ಮುಳುಗಿಸುವುದು ಡಾರ್ವಿನ್ನನಿಗೆ ಸರಿತೋರಲಿಲ್ಲ. ನಮ್ಮ ಕಣ್ಣೆದುರಿಗಿರುವ ಅಲೆ, ಗಾಳಿ, ಹಕ್ಕಿ ಇವುಗಳಿಂದ ಎಷ್ಟು ಕೆಲಸವಾಗುತ್ತದೆಂದು ಮೊದಲು ನೋಡೋಣ ಎಂಬುದು ಆತನ ನಿಲುವು.

೧೮೫೫ರ ವಸಂತದಲ್ಲಿ ಮನೆಯ ತುಂಬ ಉಪ್ಪುನೀರಿನ ಸೀಸೆಗಳು ಸಾಲಾಗಿ ನಿಂತುವು. ಮೂಲಂಗಿ, ಕೋಸು, ಲೆಟಿಸ್ ಮೊದಲಾದ ಬೀಜಗಳು ಅವುಗಳಲ್ಲಿ ನೆನೆದುವು. ಆತನ ಪರಮಮಿತ್ರನಾದ ಹೂಕರ್ ನಮ್ಮ ಹಿಮಾಲಯದಲ್ಲಿ ಅಲೆದು ಬಂದ ದೊಡ್ಡ ಸಸ್ಯಶಾಸ್ತ್ರಜ್ಞ. ಉಪ್ಪುನೀರಿನಲ್ಲಿ ಬೀಜ ಬದುಕಲಾರದೆಂದು ಆತನ ಅಭಿಪ್ರಾಯ. ಅಪ್ಪ ಹೂಕರನನ್ನು ಗೆಲ್ಲುವನೇ ಎಂದು ಡಾರ್ವಿನ್ನನ ಮಕ್ಕಳು ದಿನವೂ ವಿಚಾರಿಸುತ್ತಿದ್ದರಂತೆ. ೮೭ ಜಾತಿಗಳಲ್ಲಿ ೬೪ ಜಾತಿಯ ಬೀಜಗಳು ೨೮ ದಿನ ನೆನೆದ ಮೇಲೂ ಮೊಳೆತುವು. ಆದರೆ ಗೆದ್ದೆನೆನ್ನುವಷ್ಟರಲ್ಲಿ ಇನ್ನೊಂದು ತೊಂದರೆ ಎದುರಾಯಿತು: ಹೆಚ್ಚಿನ ಬೀಜಗಳು ನೀರಿನಲ್ಲಿ ಮುಳುಗಿಬಿಡುತ್ತಿದ್ದುವು. ಮುಳುಗಿದ ಬೀಜ ಸಮುದ್ರ ದಾಟುವುದು ಹೇಗೆ? ಒಣಗಿದ ಕೊಂಬೆಯೊಡನೆ ಕೆಲವು ತೇಲಬಲ್ಲವು ಎಂದು ತೋರಿಸಿದನು. ಸತ್ತ ಹಕ್ಕಿಯ ಹೊಟ್ಟೆಯಲ್ಲಿ ಬೀಜವಿದ್ದರೆ ಅದೂ ತೇಲಿ ಹೋಗಬಹುದಲ್ಲವೇ ಎಂದು ಸೂಚಿಸಿದವನು ಎಂಟು ವರ್ಷದ ಮಗ ಫ್ರಾನ್ಸಿಸ್. ಮಗುವಿನ ಮಾತೆಂದು ತಂದೆ ನಗಲಿಲ್ಲ. ಮೂವತ್ತು ದಿನ ಉಪ್ಪುನೀರಿನಲ್ಲಿ ತೇಲಿದ ಪಾರಿವಾಳದ ಗಂಟಲಚೀಲದಿಂದ ತೆಗೆದ ಬೀಜಗಳು ಬಹುಮಟ್ಟಿಗೆ ಎಲ್ಲವೂ ಮೊಳೆತುವು.

ಸಮುದ್ರದ ದಾರಿ ಇಷ್ಟಾಯಿತು. ಕೆರೆಯಿಂದ ಕೆರೆಗೆ ಹೋಗುವ ದಾರಿ? ಮೀನು ಬೀಜವನ್ನು ನುಂಗುತ್ತದೆ, ಮೀನನ್ನು ಹಕ್ಕಿ ನುಂಗುತ್ತದೆ, ಹಕ್ಕಿ ಬೇರೊಂದು ಕೆರೆಗೆ ಹಾರುತ್ತದೆ ಎಂದು ಡಾರ್ವಿನ್ನನು ಎಣಿಸಿದನು. ಲಂಡನ್ನಿನ ಮೃಗಾಲಯದಲ್ಲಿ ಮೀನುಗಳಿಗೆ ನೆನೆದ ಬೀಜಗಳನ್ನು ಹಾಕಿಸಿದನು. ಮೀನುಗಳು ಗಬಕ್ಕನೆ ಬಾಯಿಗೆ ಹಾಕಿಕೊಂಡುವು. ಈತನ ಮನಸ್ಸಿನಲ್ಲಿ ಹಕ್ಕಿ ಆಗಲೇ ನೂರು ಮೈಲಿ ಹಾರಿ ಹೋಗಿತ್ತು. ಅಷ್ಟರಲ್ಲಿ ಮೀನುಗಳು ಬೀಜಗಳನ್ನೆಲ್ಲ ಥೂ ಎಂದು ಉಗುಳಿಬಿಟ್ಟುವು! ಈ ಸೋಲನ್ನು ಆತನು ಮುಚ್ಚಿಡಲಿಲ್ಲ. ಮಿತ್ರನಿಗೆ ತಾನೇ ನಗುತ್ತ ಬರೆದು ತಿಳಿಸಿದನು. ಪ್ರಯತ್ನವನ್ನೂ ಬಿಡಲಿಲ್ಲ. ಮುಂದೆ ಸತ್ತ ಮೀನುಗಳ ಹೊಟ್ಟೆಗೆ ಬೀಜ ತುಂಬಿ ಮೀನುಹದ್ದು, ಕೊಕ್ಕರೆ, ಹೆಜ್ಜಾರ್ಲೆಗಳಿಗೆ ತಿನ್ನಿಸಿದನು. ಹಲವು ಗಂಟೆಗಳ ಮೇಲೆ ಆ ಹಕ್ಕಿಗಳು ಕಕ್ಕಿದ ಉಂಡೆಯಲ್ಲಿಯೂ ಹಿಕ್ಕೆಯಲ್ಲಿಯೂ ದೊರೆತ ಬೀಜಗಳಲ್ಲಿ ಕೆಲವು ಮೊಳೆತುವು. ಕೆಲವು ಜಾತಿಯ ಬೀಜಗಳು ಮಾತ್ರ ಪ್ರತಿಸಲವೂ ಸತ್ತುವು, ಅದನ್ನೂ ಬರೆದಿಟ್ಟನು.

ಇನ್ನು ಕೆಸರಿನ ಕಥೆ. ನೀರುಹಕ್ಕಿ ಕೆರೆಯಂಚಿನ ಕೆಸರಿನಲ್ಲಿ ನಿಲ್ಲುತ್ತದೆ. ಬೆದರಿದರೆ ಕೆಸರುಗಾಲಿನಲ್ಲಿಯೇ ಮೇಲೇಳುತ್ತದೆ. ಇಳಿದರೆ ಮತ್ತೆ ನೀರಿಗೇ ಇಳಿಯುತ್ತದೆ. ಹಾಗಾದರೆ ಆ ಕೆಸರಿನಲ್ಲಿ ಏನಿದೆ? ಒಂದು ಫೆಬ್ರವರಿಯಲ್ಲಿ ಡಾರ್ವಿನ್ನನು ಸಣ್ಣ ಕುಂಟೆಯೊಂದರ ಅಂಚಿಗೆ ಹೋಗಿ, ನೀರಿನೊಳಗಿನಿಂದ ಮೂರು ಕಡೆ ಮೂರು ದೊಡ್ಡ ಚಮಚ ಕೆಸರನ್ನು ತೆಗೆದನು. ಒಣಗಿದ ಮೇಲೆ ಅದರ ತೂಕ ಆರೂಮುಕ್ಕಾಲು ಔನ್ಸ್, ಎಂದರೆ ಸುಮಾರು ೧೯೦ ಗ್ರಾಂ. ಒಂದು ಬಟ್ಟಲಿನಲ್ಲಿ ಹಿಡಿಸುವಷ್ಟು ಕೆಸರು. ಅದನ್ನು ತನ್ನ ಓದುವ ಕೋಣೆಯಲ್ಲಿ ಮುಚ್ಚಿಟ್ಟು, ಮೊಳೆತ ಗಿಡವನ್ನೆಲ್ಲ ಕಿತ್ತು ಎಣಿಸುತ್ತ ಬಂದನು. ಆರು ತಿಂಗಳಲ್ಲಿ ಆ ಒಂದು ಬಟ್ಟಲಿನಿಂದ ಎದ್ದ ಗಿಡಗಳು ೫೩೭! ವಾಚಕರು ಈ ಸಂಖ್ಯೆಯ ಮುಂದೆ ಒಂದು ಕ್ಷಣ ನಿಲ್ಲಬೇಕೆಂದು ನನ್ನ ಪ್ರಾರ್ಥನೆ. ಬಟ್ಟಲು ಕೆಸರಿನಲ್ಲಿ ಐನೂರು ಜೀವಗಳಿದ್ದರೆ, ಬೆರಳ ಸಂದಿನಲ್ಲಿ ಅಂಟಿದ ಚಿಟಿಕೆ ಕೆಸರಿನಲ್ಲಿ ಒಂದೆರಡಾದರೂ ಇರಲಾರವೇ? ಸಾವಿರಾರು ಹಕ್ಕಿಗಳು ಸಾವಿರಾರು ವರ್ಷ ಹಾರಿದರೆ, ಬೀಜ ಹೋಗದಿರುವುದೇ ಆಶ್ಚರ್ಯವಲ್ಲವೇ?

ನೀರಿನ ಶಂಖುಹುಳುಗಳೂ ಹೀಗೆಯೇ ಸಾಗುವುವೆಂದು ತೋರಿಸಲು ಆತನು ಬಾತಿನ ಕಾಲುಗಳನ್ನು ನೀರುತೊಟ್ಟಿಯಲ್ಲಿ ಇಳಿಬಿಟ್ಟನು. ಆಗತಾನೆ ಮೊಟ್ಟೆಯೊಡೆದ ಮರಿಹುಳುಗಳು ಆ ಕಾಲುಗಳನ್ನು ಹತ್ತಿ, ಕೊಡವಿದರೂ ಬೀಳದಂತೆ ಹಿಡಿದುಕೊಂಡುವು. ನೀರಿನ ಹೊರಗೆ ತೇವದ ಗಾಳಿಯಲ್ಲಿ ಹನ್ನೆರಡರಿಂದ ಇಪ್ಪತ್ತು ಗಂಟೆ ಬದುಕಿದುವು. ಅಷ್ಟು ಹೊತ್ತಿನಲ್ಲಿ ಬಾತು ಆರೇಳು ನೂರು ಮೈಲಿ ಹಾರಬಲ್ಲದೆಂದು ಆತನ ಲೆಕ್ಕ.

ತಾವರೆಯ ವಿಷಯ ನಮಗೆ ಇನ್ನೂ ಹತ್ತಿರದ್ದು. ಲೋಕದಲ್ಲಿ ತಾವರೆಯ ಜಾತಿಗಳು ಎರಡೇ. ಒಂದು ನಮ್ಮ ಏಷ್ಯಾದ್ದು, ಇನ್ನೊಂದು ಅಮೆರಿಕದ್ದು. ಅಷ್ಟು ದಪ್ಪ ಬೀಜದ ಗಿಡ ಕೆರೆಯಿಂದ ಕೆರೆಗೆ ಹೋಗುವ ಬಗೆ ಡಾರ್ವಿನ್ನನಿಗೆ ಬಹುಕಾಲ ಹೊಳೆಯಲಿಲ್ಲ. ಅಮೆರಿಕದ ಪಕ್ಷಿತಜ್ಞ ಆಡುಬಾನ್ ಎಂಬಾತನು ಬಕಪಕ್ಷಿಯೊಂದರ ಹೊಟ್ಟೆಯಲ್ಲಿ ದೊಡ್ಡ ನೀರುಹೂವಿನ ಬೀಜಗಳನ್ನು ಕಂಡದ್ದು ಆಮೇಲೆ ನೆನಪಿಗೆ ಬಂದಿತು. ಅದು ಆ ಅಮೆರಿಕದ ತಾವರೆಯೇ ಇರಬೇಕೆಂದು ಹೂಕರನ ಊಹೆ. ನಮ್ಮ ಪಂಚತಂತ್ರದ ಬಕ ಮೀನುಗಳನ್ನು ಬೇರೆ ಕೆರೆಗೆ ಒಯ್ಯುತ್ತೇನೆಂದು ನಂಬಿಸಿ ತಿಂದು ಮುಗಿಸಿತು. ಡಾರ್ವಿನ್ನನ ಬಕ ಯಾರಿಗೂ ಮಾತು ಕೊಡದೆ, ತನಗೇ ತಿಳಿಯದೆ, ತಾವರೆಯನ್ನು ಹೊಸ ಕೆರೆಗೆ ಒಯ್ದು ಬಿಡುತ್ತದೆ.

ಇಷ್ಟು ಸಿದ್ಧತೆ ಮಾಡಿದ ಮೇಲೂ ಆತನು ಗ್ರಂಥ ಪ್ರಕಟಿಸಲು ಅವಸರಪಡಲಿಲ್ಲ. ೧೮೫೮ರ ಜೂನ್‌ನಲ್ಲಿ ವ್ಯಾಲೇಸ್ ಎಂಬ ಕಿರಿಯ ಸಂಶೋಧಕನು ಪೂರ್ವದ್ವೀಪಗಳಿಂದ ಬರೆದು ಕಳುಹಿಸಿದ ಪ್ರಬಂಧದಲ್ಲಿ ತನ್ನದೇ ಸಿದ್ಧಾಂತವನ್ನು ಕಂಡು ಬೆರಗಾದನು. ಅದೇ ತಿಂಗಳು ಕೊನೆಯ ಮಗುವೂ ಜ್ವರದಿಂದ ತೀರಿಕೊಂಡಿತು. ಮಿತ್ರರು ಇಬ್ಬರ ಬರಹಗಳನ್ನೂ ಜುಲೈ ೧ರಂದು ಲಂಡನ್ನಿನ ಲಿನ್ನಿಯನ್ ಸಂಘದಲ್ಲಿ ಒಟ್ಟಿಗೆ ಓದಿಸಿದರು. ೧೮೫೯ರ ನವೆಂಬರ್ ೨೪ರಂದು ಜೀವಜಾತಿಗಳ ಉಗಮವನ್ನು ಕುರಿತ ಗ್ರಂಥವು ಹೊರಬಂದಿತು. ಲೋಕವೆಲ್ಲ ಅದರ ಬಗೆಗೆ ಜಗಳಾಡುತ್ತಿದ್ದಾಗ, ಗ್ರಂಥಕರ್ತನು ಮಾತ್ರ ಹಕ್ಕಿಯ ಕಾಲುಗಳನ್ನು ಬಿಡಲಿಲ್ಲ. ಮಿತ್ರನೊಬ್ಬ ಕಳುಹಿಸಿದ, ವಲಸೆ ಬರುವ ಒಂದು ಕಾಡುಹಕ್ಕಿಯ ಕಾಲಿನಲ್ಲಿ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಒಣಮಣ್ಣಿತ್ತು. ಅದರಲ್ಲಿದ್ದ ಜೊಂಡಿನ ಬೀಜವೊಂದು ಮೊಳೆತು ಹೂ ಬಿಟ್ಟಿತು. ಇನ್ನೊಬ್ಬನು ಕೌಜುಗದ ಕಾಲಿಗೆ ಅಂಟಿದ್ದ ಮಣ್ಣಿನ ಉಂಡೆಯನ್ನು ಕಳುಹಿಸಿದನು. ಮೂರು ವರ್ಷ ಒಣಗಿ ಬಿದ್ದಿದ್ದ ಆ ಉಂಡೆಯನ್ನು ಒಡೆದು ನೀರು ಚಿಮುಕಿಸಲು ೮೨ ಸಸಿಗಳು ಎದ್ದುವು.

ಆತನ ಕೊನೆಯ ಬರಹವೂ ಇದೇ ವಿಷಯದ್ದೆಂಬುದು ನನ್ನ ಮನಸ್ಸನ್ನು ಬಹಳವಾಗಿ ತಟ್ಟಿದ ಸಂಗತಿ. ನಾರ್ತಾಂಪ್ಟನ್ ಎಂಬ ಊರಿನ ಪಾದರಕ್ಷೆಯ ವ್ಯಾಪಾರಿ ಕ್ರಿಕ್ ಎಂಬ ತರುಣನು ೧೮೮೨ರಲ್ಲಿ ಒಂದು ನೀರುಜೀರುಂಡೆಯನ್ನು ಹಿಡಿದನು. ಅದರ ಕಾಲಿಗೆ ಪುಟ್ಟ ಕಪ್ಪೆಚಿಪ್ಪೊಂದು ಕಚ್ಚಿಕೊಂಡಿತ್ತು. ಆತನು ಈ ವಿಷಯವನ್ನು ಡಾರ್ವಿನ್ನನಿಗೆ ಬರೆದನು. ಜಗದ್ವಿಖ್ಯಾತನಾದ ಎಪ್ಪತ್ತಮೂರರ ಮುದುಕ ಆ ಅಪರಿಚಿತ ತರುಣನಿಗೆ ಉತ್ತರ ಬರೆದು, ವಿವರ ಕೇಳಿ, ಆತನ ಹೆಸರಿನೊಡನೆ ಟಿಪ್ಪಣಿಯೊಂದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದನು. ಅದು ಹೊರಬಂದದ್ದು ಏಪ್ರಿಲ್ ೬ರಂದು. ಡಾರ್ವಿನ್ನನು ತೀರಿಕೊಂಡದ್ದು ಏಪ್ರಿಲ್ ೧೯ರಂದು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಹಾಪುರುಷರ ಪಕ್ಕದಲ್ಲಿ ಆತನನ್ನು ಮಣ್ಣು ಮಾಡಿದರು. ಆ ಪಾದರಕ್ಷೆ ವ್ಯಾಪಾರಿಯ ಮೊಮ್ಮಗನೇ ೧೯೫೩ರಲ್ಲಿ ಡಿ.ಎನ್.ಎ. ರಚನೆಯನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬನಾದ ಫ್ರಾನ್ಸಿಸ್ ಕ್ರಿಕ್. ಬೀಜ ಬೀಳುವ ಜಾಗವನ್ನು ಮುಂದಾಗಿ ಬಲ್ಲವರು ಯಾರು?

ಡಾರ್ವಿನ್ನನ ತರುವಾಯ ಈ ತಿಳಿವು ಬೆಳೆದಿದೆ, ತಿದ್ದುಪಡಿಯನ್ನೂ ಕಂಡಿದೆ. ಬಾತುಗಳ ಮಟ್ಟಿಗೆ ಕಾಲಿನ ಕೆಸರಿಗಿಂತ ಕರುಳಿನ ದಾರಿಯಲ್ಲಿಯೇ ಹೆಚ್ಚು ಬೀಜಗಳು ಸಾಗುತ್ತವೆಂದು ಈ ಶತಮಾನದ ಸಂಶೋಧಕರು ತೋರಿಸಿದ್ದಾರೆ. ಬಾತು ತಿಂದ ಬೀಜಗಳಲ್ಲಿ ಬಹುಪಾಲು ಜೀರ್ಣವಾಗುತ್ತವೆ. ಗಟ್ಟಿ ಸಿಪ್ಪೆಯ ಸಣ್ಣ ಬೀಜಗಳು ಕೆಲವು ಜೀವಸಹಿತ ಹೊರಬರುತ್ತವೆ. ಹೆಚ್ಚಿನವು ಮೊದಲ ಕೆಲವು ಗಂಟೆಗಳಲ್ಲಿಯೇ ಹೊರಬಿದ್ದರೂ, ಹಾರುವ ಬಾತಿಗೆ ಆ ಗಂಟೆಗಳೇ ನೂರಾರು ಮೈಲಿ. ೨೦೨೦ರಲ್ಲಿ ಹಂಗೇರಿ ದೇಶದ ವಿಜ್ಞಾನಿಗಳು ಬಾತುಗಳಿಗೆ ಗೆಂಡೆಮೀನಿನ ಜಾತಿಯ ಮೊಟ್ಟೆಗಳನ್ನು ತಿನ್ನಿಸಿ ನೋಡಿದರು. ಸಾವಿರಕ್ಕೆ ಸುಮಾರು ಎರಡರಂತೆ ಮೊಟ್ಟೆಗಳು ಒಡೆಯದೆ ಹೊರಬಂದುವು. ಅವುಗಳಲ್ಲಿ ಕೆಲವು ಮರಿಯಾದುವು.

ಹಕ್ಕಿಗಳ ದಾರಿಯೂ ಈಗ ಊಹೆಯ ಮಾತಲ್ಲ. ಮುಂಬಯಿಯ ನಿಸರ್ಗ ಚರಿತ್ರೆ ಸಂಘವು ಸಲೀಂ ಅಲಿಯವರ ನೇತೃತ್ವದಲ್ಲಿ ೧೯೫೯ರಿಂದ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆಯ ಹೆಬ್ಬಾತುಗಳು ಮೈಸೂರಿನ ಕಡೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಅವು ಚಳಿಗಾಲದಲ್ಲಿ ಹಿಂಡುಹಿಂಡಾಗಿ ಬರುತ್ತವೆ. ಸೂಳೆಕೆರೆಯ ನೀರಿನ ಮೇಲೆ ಇಳಿಯುವ ಚಳಿಗಾಲದ ಬಾತುಗಳೂ ಬರಿಗಾಲಿನಲ್ಲಿ ಬರಿಹೊಟ್ಟೆಯಲ್ಲಿ ಬಂದವಲ್ಲ. ಆದರೆ ಸೈಬೀರಿಯದಲ್ಲಿ ತಿಂದ ಬೀಜ ಒಂದೇ ಹಾರಿಕೆಯಲ್ಲಿ ಚನ್ನಗಿರಿಗೆ ಬಂದು ಬೀಳುವುದಿಲ್ಲ. ಹಕ್ಕಿ ಕೆರೆಯಿಂದ ಕೆರೆಗೆ ತಂಗುತ್ತ ಬರುತ್ತದೆ. ಬೀಜವೂ ಒಂದು ಕೆರೆಯಲ್ಲಿ ಬಿದ್ದು, ಬೆಳೆದು, ತಾನೇ ಬೀಜ ಕೊಟ್ಟು, ಮತ್ತೊಂದು ವರ್ಷ ಮತ್ತೊಂದು ಹಕ್ಕಿಯೊಡನೆ ಮುಂದಿನ ಕೆರೆಗೆ ಹೊರಡುತ್ತದೆ. ಆದುದರಿಂದ ದೊಡ್ಡ ಕೆರೆಯೊಂದನ್ನು ಉಳಿಸಿಕೊಂಡರೆ ಸಾಲದು. ನಮ್ಮ ತಾಲ್ಲೂಕುಗಳ ಸಣ್ಣ ಕೆರೆಕಟ್ಟೆಗಳು ಹೂಳು ತುಂಬಿ, ಒತ್ತುವರಿಯಾಗಿ ಕಣ್ಮರೆಯಾದರೆ ಹಾರದ ನಡುವಿನ ಮಣಿಗಳು ಉದುರಿದಂತೆ. ಉಳಿದ ಮಣಿ ಎಷ್ಟು ದೊಡ್ಡದಾದರೂ ಅದು ಹಾರವಲ್ಲ. ಹಕ್ಕಿ ಯುಗಗಳ ಕಾಲ ತಂದ ಗಿಡಗಳ ಮೇಲೆ, ಮನುಷ್ಯನು ಹೂವಿನ ಚೆಂದಕ್ಕೆಂದು ದಕ್ಷಿಣ ಅಮೆರಿಕದಿಂದ ತಂದ ಅಂತರಗಂಗೆ ನೂರೈವತ್ತು ವರ್ಷದೊಳಗೆ ಹೇಗೆ ಹೊದಿಕೆ ಹಾಸಿತೆಂಬುದನ್ನು ನಾಡಿನ ಎಷ್ಟೋ ಕೆರೆಗಳಲ್ಲಿ ಕಾಣಬಹುದು.

ನಮ್ಮದು ಕಲಾ ಕಾಲೇಜು, ವಿಜ್ಞಾನ ನಮಗೇಕೆ ಎಂದು ಮಿತ್ರರು ಕೇಳಬಹುದು. ಪ್ರಯೋಗಶಾಲೆಯಿದ್ದವರಿಗೆ ಮಾತ್ರ ವಿಜ್ಞಾನವೆಂದು ನಾನೂ ಹಿಂದೆ ಭಾವಿಸಿದ್ದೆ. ಡಾರ್ವಿನ್ನನಿಗೆ ಸಿರಿಯಿತ್ತು, ಬಿಡುವಿತ್ತು, ದೊಡ್ಡ ಮಿತ್ರರಿದ್ದರು; ಇವು ನಮ್ಮಂಥವರಿಗೆ ಇಲ್ಲ. ಆದರೆ ಆತನ ಈ ಪ್ರಯೋಗಕ್ಕೆ ಬೇಕಾದದ್ದು ಮೂರು ಚಮಚ ಕೆಸರು, ಒಂದು ಬಟ್ಟಲು, ದಿನವೂ ಎಣಿಸುವ ಶ್ರದ್ಧೆ, ಇಷ್ಟೇ. ಇವುಗಳಲ್ಲಿ ಯಾವುದಕ್ಕೂ ಸೂಳೆಕೆರೆಯ ಸೀಮೆಯಲ್ಲಿ ಬರವಿಲ್ಲ. ಬರುವ ಫೆಬ್ರವರಿಯಲ್ಲಿ ನಮ್ಮ ಕಾಲೇಜಿನ ನಾಲ್ಕು ಮಂದಿ ಸೇರಿ, ಅಧ್ಯಾಪಕರ ಮಾರ್ಗದರ್ಶನದಲ್ಲಿ, ಆ ಕೆರೆಯಂಚಿನಿಂದ ಮೂರು ಚಮಚ ಕೆಸರು ತಂದು ಕಿಟಕಿಯ ಬಳಿ ಇಟ್ಟರೆ, ಆರು ತಿಂಗಳ ಮೇಲೆ ಎಷ್ಟು ಸಸಿಗಳೆದ್ದುವೆಂಬ ಲೆಕ್ಕವನ್ನು ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚು ಮಾಡಬಹುದು. ಆ ವೇಳೆಗೆ ನಾನು ಕಾಲೇಜನ್ನು ಬಿಟ್ಟಿರುತ್ತೇನೆ. ಎಣಿಸುವ ಕೆಲಸವನ್ನು ಕಿರಿಯರಿಗೆ ಒಪ್ಪಿಸಿ ಹೋಗುತ್ತಿದ್ದೇನೆ.